ಒಣಗಿದ್ದು ಎಲ್ಲಿಗೆ ಹೋಯಿತು?

ಮರದ ಬಾಗಿಲಿಗೆ ಹಚ್ಚಿದ ಪಾಲಿಶ್, ಕಬ್ಬಿಣದ ಗೇಟಿಗೆ ಬಳಿದ ಬಣ್ಣ, ಚಪ್ಪಲಿಯ ಅಟ್ಟೆಗೆ ಸವರಿದ ಅಂಟು, ಇವೆಲ್ಲ ಸ್ವಲ್ಪ ಹೊತ್ತಿನಲ್ಲಿ ಒಣಗುತ್ತವೆ ಎಂದು ಹೇಳುವುದು ರೂಢಿ. ಒದ್ದೆ ಬಟ್ಟೆ ಒಣಗುವಾಗ ನೀರು ಆವಿಯಾಗಿ ಗಾಳಿಗೆ ಸೇರುವಂತೆ, ಬಣ್ಣ ಒಣಗುವಾಗಲೂ ಅದರೊಳಗಿನ ದ್ರವ ಗಾಳಿಗೆ ಸೇರುತ್ತದೆ. ಆದರೆ ಎಣ್ಣೆಬಣ್ಣ, ಪಾಲಿಶ್, ಅಂಟುಗಳಲ್ಲಿ ಆ ದ್ರವ ನೀರಾಗಿರುವುದಿಲ್ಲ. ಗಟ್ಟಿಯಾದ ರಾಳವನ್ನೋ ಅಂಟನ್ನೋ ತನ್ನಲ್ಲಿ ಕರಗಿಸಿಕೊಂಡು, ಅದು ತೆಳುವಾಗಿ ಹರಡಲು ನೆರವಾಗಿ, ಕೆಲಸ ಮುಗಿದ ಮೇಲೆ ಆವಿಯಾಗಿ ಹೊರಟುಹೋಗುವ ಇಂಥ ದ್ರವಗಳನ್ನು ರಸಾಯನಶಾಸ್ತ್ರದಲ್ಲಿ ದ್ರಾವಕಗಳೆಂದು ಕರೆಯುತ್ತಾರೆ. ಅಂಗಡಿಯಲ್ಲಿ ಥಿನ್ನರ್, ಟರ್ಪೆಂಟೈನ್, ಸ್ಪಿರಿಟ್ ಎಂಬ ಹೆಸರುಗಳಲ್ಲಿ ಸಿಗುವ ಡಬ್ಬಿಗಳಲ್ಲಿ ಇರುವುದು ಇವೇ. ಹೊರಟುಹೋದ ದ್ರಾವಕ ಕಣ್ಣಿಗೆ ಕಾಣದಿದ್ದರೂ ಇಲ್ಲವಾಗಿರುವುದಿಲ್ಲ. ಕಿಟಕಿ ಬಾಗಿಲು ತೆರೆದಿದ್ದರೆ ಬಯಲಿಗೆ ಹೋಗುತ್ತದೆ, ಮುಚ್ಚಿದ್ದರೆ ಕೋಣೆಯಲ್ಲೇ ನಿಂತು ಅಲ್ಲಿ ದುಡಿಯುವವರ ಉಸಿರಿನೊಂದಿಗೆ ರಕ್ತಕ್ಕೆ ಇಳಿಯುತ್ತದೆ. ದ್ರಾವಕಗಳಿಂದಾಗುವ ಔದ್ಯೋಗಿಕ ರೋಗಗಳ ಹಾಗೂ ಸಾವುಗಳ ಚರಿತ್ರೆಯಲ್ಲಿ ಬಹುಪಾಲು ಈ ಒಂದು ವ್ಯತ್ಯಾಸದ ಚರಿತ್ರೆಯೇ ಆಗಿದೆ.

ಈ ವಿಷಯವನ್ನು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸಂಬಂಧಿಸಿದ್ದೆಂದು ಭಾವಿಸುವುದು ಸಾಮಾನ್ಯ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶಗಳಿಂದ ದೂರದಲ್ಲಿರುವ ಮಲೆನಾಡಿನ ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಲ್ಲಿ, ಅದರಲ್ಲೂ ಲಿಂಗನಮಕ್ಕಿ ಜಲಾಶಯದ ಹಿನ್ನೀರಿನ ಅಂಚಿನಲ್ಲಿರುವ ಹೊನ್ನೆಮರಡುವಿನಂಥ ಊರಿನಲ್ಲಿ, ಗಾಳಿಯ ಕೊರತೆಯ ಬಗ್ಗೆ ಬರೆಯುವುದು ವಿಚಿತ್ರವೆನಿಸಬಹುದು. ಆದರೆ ಪೇಟೆಯ ಮರಗೆಲಸದ ಮಳಿಗೆ, ವಾಹನಗಳಿಗೆ ಬಣ್ಣ ಸಿಂಪಡಿಸುವ ಶೆಡ್ಡು, ಫ್ಲೆಕ್ಸ್ ಹಾಗೂ ಆಫ್‌ಸೆಟ್ ಮುದ್ರಣಾಲಯ, ಯಂತ್ರದ ಬಿಡಿಭಾಗಗಳನ್ನು ಪೆಟ್ರೋಲಿನಲ್ಲಿ ತೊಳೆಯುವ ಗ್ಯಾರೇಜು, ಹೊಸ ಮನೆಯ ಒಳಕೋಣೆಗಳಲ್ಲಿ ವಾರಗಟ್ಟಲೆ ನಡೆಯುವ ಪಾಲಿಶ್ ಕೆಲಸ, ಇವೆಲ್ಲವೂ ದ್ರಾವಕ ಬಳಸುವ ಉದ್ಯೋಗಗಳೇ. ಇಲ್ಲಿ ದುಡಿಯುವವರು ಇಬ್ಬರೋ ಮೂವರೋ ಇರುತ್ತಾರಾದ್ದರಿಂದ ಅವರ ತಲೆನೋವು ಯಾವ ವರದಿಗೂ ಸೇರುವುದಿಲ್ಲ.

ಮಳೆಗಾಲ ಮತ್ತು ಮುಚ್ಚಿದ ಬಾಗಿಲು

ಮಲೆನಾಡಿನಲ್ಲಿ ಈ ಅಪಾಯಕ್ಕೆ ಮಳೆಯೊಡನೆ ನೇರವಾದ ಸಂಬಂಧವಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಹೊಸನಗರ ತಾಲ್ಲೂಕಿನ ಹುಲಿಕಲ್ಲು ಅದಕ್ಕೆ ಸರಿಸಮನಾಗಿ ನಿಲ್ಲುವ ಊರು. ಆರಿದ್ರಾ, ಪುನರ್ವಸು, ಪುಷ್ಯ ಮಳೆಗಳ ಕಾಲದಲ್ಲಿ ಇರಚಲು ಒಳಗೆ ಬಾರದಂತೆ ಜಗುಲಿಗೆ ಸೋಗೆಯ ತಟ್ಟಿಯನ್ನೋ ಪ್ಲಾಸ್ಟಿಕ್ ಹಾಳೆಯನ್ನೋ ಕಟ್ಟಿ, ಕಿಟಕಿ ಬಾಗಿಲುಗಳನ್ನು ಮುಚ್ಚಿಕೊಂಡು ಕೆಲಸ ಮಾಡುವುದು ಇಲ್ಲಿಯ ಪದ್ಧತಿ. ಬಟ್ಟೆ, ಅಡಿಕೆ, ಸೌದೆಗಳನ್ನು ಕಾಯುವ ಈ ಪದ್ಧತಿ ಪಾಲಿಶ್ ಕೋಣೆಯಲ್ಲಿ ಮಾತ್ರ ತಿರುಗುಬಾಣವಾಗುತ್ತದೆ, ಏಕೆಂದರೆ ಮಳೆಯನ್ನು ಹೊರಗಿಡುವ ತಟ್ಟಿಯೇ ಆವಿಯನ್ನು ಒಳಗಿಡುತ್ತದೆ.

ಬಾಗಿಲು ಮುಚ್ಚಲು ಇನ್ನೊಂದು ತಾಂತ್ರಿಕ ಕಾರಣವೂ ಇದೆ. ಥಿನ್ನರ್ ಬಹಳ ವೇಗವಾಗಿ ಆವಿಯಾಗುವುದರಿಂದ ಮರದ ಮೇಲ್ಮೈಯ ಶಾಖವನ್ನು ಸೆಳೆದುಕೊಂಡು ಅದನ್ನು ತಣ್ಣಗಾಗಿಸುತ್ತದೆ. ಗಾಳಿಯಲ್ಲಿ ತೇವ ಹೆಚ್ಚಿರುವ ದಿನ, ತಣ್ಣೀರು ತುಂಬಿದ ಚೊಂಬಿನ ಹೊರಮೈಯಲ್ಲಿ ಹನಿ ಕೂರುವ ಹಾಗೆ, ಆ ತಣ್ಣನೆಯ ಮೇಲ್ಮೈಯಲ್ಲಿ ತೇವ ಕೂತು ಹಸಿ ಪಾಲಿಶ್‌ನೊಂದಿಗೆ ಬೆರೆತು ಬಿಳಿಯ ಮಬ್ಬು ಕವಿದಂತೆ ಮಾಡುತ್ತದೆ. ಹೊಳಪು ಕೆಟ್ಟರೆ ಮತ್ತೆ ಉಜ್ಜಿ ಮೊದಲಿನಿಂದ ಹಚ್ಚಬೇಕಾಗುವುದರಿಂದ, ಕೆಲಸಗಾರರು ಹೊರಗಿನ ತೇವದ ಗಾಳಿ ಬಾರದಂತೆ ಕೋಣೆಯನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ, ಒಳಗೆ ದೊಡ್ಡ ವಿದ್ಯುತ್ ದೀಪ ಉರಿಸಿ ಬಿಸಿ ಮಾಡುವುದುಂಟು. ಕೆಲಸದ ಅಚ್ಚುಕಟ್ಟಿಗಾಗಿ ಕೈಗೊಳ್ಳುವ ಈ ಉಪಾಯದಿಂದ ಆವಿ ದಟ್ಟವಾಗುವುದಲ್ಲದೆ, ಬೇಗ ಹೊತ್ತಿಕೊಳ್ಳುವ ಆವಿಯ ಮಧ್ಯೆ ಕಾದ ದೀಪವನ್ನು ಇರಿಸಿದಂತೆಯೂ ಆಗುತ್ತದೆ.

ಊಟದ ಚಮಚದಷ್ಟು ದ್ರವದ ಲೆಕ್ಕ

ಎಷ್ಟು ದ್ರಾವಕ ಎಷ್ಟು ಗಾಳಿಯನ್ನು ಕೆಡಿಸುತ್ತದೆ ಎಂಬುದನ್ನು ಲೆಕ್ಕ ಹಾಕಿ ನೋಡಬಹುದು. ಹತ್ತಡಿ ಉದ್ದ, ಹತ್ತಡಿ ಅಗಲ, ಹತ್ತಡಿ ಎತ್ತರದ ಕೋಣೆಯಲ್ಲಿ ಸುಮಾರು 28 ಘನ ಮೀಟರ್ ಗಾಳಿ ಇರುತ್ತದೆ. ಅನೇಕ ಥಿನ್ನರ್‌ಗಳ ಮುಖ್ಯ ಅಂಶವಾದ ಟಾಲ್ವೀನ್ ಎಂಬ ದ್ರಾವಕಕ್ಕೆ ಭಾರತದ ಕಾರ್ಖಾನೆ ಕಾಯ್ದೆಯ ಎರಡನೆಯ ಅನುಸೂಚಿಯು ಎಂಟು ಗಂಟೆಯ ಸರಾಸರಿಗೆ ವಿಧಿಸಿದ ಮಿತಿ 100 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ನೂರು ಭಾಗ. ತೂಕದಲ್ಲಿ ಹೇಳುವುದಾದರೆ ಒಂದು ಘನ ಮೀಟರ್ ಗಾಳಿಗೆ 375 ಮಿಲಿಗ್ರಾಂ. ಈ ಲೆಕ್ಕದಂತೆ ಮುಚ್ಚಿದ ಹತ್ತಡಿ ಕೋಣೆಯಲ್ಲಿ ಕೇವಲ 12 ಮಿಲಿಲೀಟರ್, ಎಂದರೆ ಒಂದು ಊಟದ ಚಮಚಕ್ಕಿಂತಲೂ ಕಡಿಮೆ ಟಾಲ್ವೀನ್ ಪೂರ್ತಿ ಆವಿಯಾದರೆ ಸಾಕು, ಕೋಣೆಯ ಗಾಳಿ ಆ ಮಿತಿಯನ್ನು ಮುಟ್ಟುತ್ತದೆ. ಒಂದು ಲೀಟರ್ ಆವಿಯಾದರೆ ಮಿತಿಯ ಎಂಬತ್ತು ಪಟ್ಟು ದಾಟುತ್ತದೆ. ಅಷ್ಟು ಆವಿಯನ್ನು ಮಿತಿಯ ಮಟ್ಟಕ್ಕೆ ತೆಳುವಾಗಿಸಲು ಅಂಥ ಎಂಬತ್ತಕ್ಕೂ ಹೆಚ್ಚು ಕೋಣೆಗಳನ್ನು ತುಂಬುವಷ್ಟು ಹೊಸ ಗಾಳಿ ಬೇಕು. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯು ಜೀವಕ್ಕೆ ತಕ್ಷಣ ಅಪಾಯಕಾರಿ ಎಂದು ಗುರುತಿಸಿರುವ ಮಟ್ಟ 500 ಪಿಪಿಎಂ ಆಗಿದ್ದು, ಮುಚ್ಚಿದ ಕೋಣೆಯಲ್ಲಿ ಸುಮಾರು 60 ಮಿಲಿಲೀಟರ್, ಅಂದರೆ ಸಣ್ಣ ಲೋಟದ ತಳ ಮುಚ್ಚುವಷ್ಟು ದ್ರವ ಅದಕ್ಕೆ ಸಾಕು.

ದ್ರಾವಕದ ಆವಿ ಕೋಣೆಯಲ್ಲಿ ಎಲ್ಲೆಡೆ ಸಮನಾಗಿ ಹರಡಿಕೊಳ್ಳುತ್ತದೆ ಎಂದು ತಿಳಿಯುವುದೂ ತಪ್ಪು. ಟಾಲ್ವೀನ್‌ನ ಆವಿ ಗಾಳಿಗಿಂತ ಮೂರು ಪಟ್ಟಿಗೂ ಹೆಚ್ಚು ಭಾರ. ಕ್ಸೈಲೀನ್ ಮೂರೂವರೆ ಪಟ್ಟಿಗೂ ಹೆಚ್ಚು, ಹೆಕ್ಸೇನ್ ಸುಮಾರು ಮೂರು ಪಟ್ಟು, ಅಸಿಟೋನ್ ಎರಡು ಪಟ್ಟು ಭಾರ. ಗಾಳಿ ಆಡದ ಜಾಗದಲ್ಲಿ ದಟ್ಟವಾದ ಆವಿ ನೀರಿನಂತೆ ಕೆಳಕ್ಕೆ ಹರಿದು ನೆಲದ ಮೇಲೆ, ಗುಂಡಿಯಲ್ಲಿ, ಮೆಟ್ಟಿಲ ಬುಡದಲ್ಲಿ ತಂಗುತ್ತದೆ. ಕುಕ್ಕರುಗಾಲಿನಲ್ಲಿ ಕೂತು ಬಾಗಿಲಿನ ಕೆಳಭಾಗಕ್ಕೆ ಬ್ರಷ್ ಆಡಿಸುವವರು, ನೆಲದ ಮೇಲೆ ಹಲಗೆ ಹರಡಿಕೊಂಡು ಬಗ್ಗಿ ಅಂಟು ಸವರುವವರು ಉಸಿರಾಡುವುದು ಈ ದಟ್ಟವಾದ ಪದರದಲ್ಲೇ. ಗೋಡೆಯ ತುದಿಯಲ್ಲಿ, ಸೂರಿನಡಿ ಕೂಡಿಸಿದ ಸಣ್ಣ ಗವಾಕ್ಷಿಯಿಂದ ಅಡುಗೆಮನೆಯ ಹೊಗೆ ಹೋಗುತ್ತದೆಯೇ ಹೊರತು ಈ ಭಾರದ ಆವಿ ಹೋಗುವುದಿಲ್ಲ.

ಮೂಗನ್ನು ನಂಬುವಂತೆಯೂ ಇಲ್ಲ. ಕೋಣೆಗೆ ಕಾಲಿಟ್ಟ ಕೂಡಲೇ ರಪ್ಪನೆ ಹೊಡೆಯುವ ವಾಸನೆ ಸ್ವಲ್ಪ ಹೊತ್ತಿಗೆ ಕಡಿಮೆಯಾದಂತೆ ಅನಿಸುವುದು ಗಾಳಿ ಶುದ್ಧವಾಗಿದ್ದರಿಂದಲ್ಲ, ಘ್ರಾಣೇಂದ್ರಿಯ ದಣಿದು ಆ ವಾಸನೆಯನ್ನು ಗುರುತಿಸುವುದನ್ನು ನಿಲ್ಲಿಸಿದ್ದರಿಂದ. ಅನುಭವಿ ಕೆಲಸಗಾರರು ವಾಸನೆ ಅಭ್ಯಾಸವಾಗಿದೆ ಎನ್ನುವಾಗ ಮೂಗು ಒಗ್ಗಿಕೊಂಡಿರುತ್ತದೆ ಅಷ್ಟೆ. ಮಿದುಳು, ಯಕೃತ್ತು, ನರಗಳು ಒಗ್ಗಿಕೊಳ್ಳುವುದಿಲ್ಲ.

ದೇಹದೊಳಗೆ ನಡೆಯುವುದು

ದ್ರಾವಕಗಳು ಕೊಬ್ಬಿನಲ್ಲಿ ಸುಲಭವಾಗಿ ಬೆರೆಯುವ ಗುಣದಿಂದಲೇ ಜಿಡ್ಡನ್ನೂ ರಾಳವನ್ನೂ ಕರಗಿಸುತ್ತವೆ. ಮಾನವ ದೇಹದಲ್ಲಿ ಕೊಬ್ಬಿನಂಶ ಹೇರಳವಾಗಿರುವ ಅಂಗಗಳಲ್ಲಿ ಮಿದುಳು ಮತ್ತು ನರಗಳು ಮುಖ್ಯವಾದವು. ಆದ್ದರಿಂದ ಶ್ವಾಸಕೋಶದಿಂದ ರಕ್ತಕ್ಕೆ ಇಳಿದ ಆವಿ ಬೇಗನೆ ಮಿದುಳನ್ನು ತಲುಪಿ ಅರಿವಳಿಕೆಯಂತೆ ವರ್ತಿಸುತ್ತದೆ. ಮೊದಲು ಕಣ್ಣುರಿ, ತಲೆಭಾರ, ಅನಂತರ ಅಮಲಿನಂಥ ಹಗುರ ಭಾವ, ತಲೆಸುತ್ತು, ವಾಕರಿಕೆ, ಹೆಜ್ಜೆ ತಪ್ಪುವುದು, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಕ್ರಮ. ಏಣಿಯ ಮೇಲೆ ನಿಂತವರಿಗೆ, ಗರಗಸದ ಯಂತ್ರದ ಬಳಿ ಇರುವವರಿಗೆ ಈ ಅಮಲಿನ ಹಂತವೇ ಸಾಕಷ್ಟು ಅಪಾಯಕಾರಿ. ಕೆಲವು ದ್ರಾವಕಗಳು ಹೃದಯದ ಬಡಿತದ ಲಯವನ್ನು ಹಠಾತ್ತಾಗಿ ಕೆಡಿಸಬಲ್ಲವು. ಹಳೆಯ ಬಣ್ಣ ಕಿತ್ತುಹಾಕಲು ಬಳಸುವ ಡೈಕ್ಲೋರೋಮೀಥೇನ್ ದೇಹದೊಳಗೆ ಕಾರ್ಬನ್ ಮೊನಾಕ್ಸೈಡ್ ಆಗಿ ಮಾರ್ಪಟ್ಟು ರಕ್ತದ ಆಮ್ಲಜನಕ ಒಯ್ಯುವ ಶಕ್ತಿಯನ್ನೂ ಕುಂದಿಸುತ್ತದೆ. ಅಮೆರಿಕದಲ್ಲಿ 2000ದಿಂದ 2011ರವರೆಗೆ ಸ್ನಾನದ ತೊಟ್ಟಿಗಳ ಬಣ್ಣ ತೆಗೆಯುತ್ತಿದ್ದ 13 ಕೆಲಸಗಾರರು ಈ ಒಂದೇ ರಾಸಾಯನಿಕದಿಂದ ಸತ್ತರು. ಅವರು ಕೆಲಸ ಮಾಡುತ್ತಿದ್ದದ್ದು ಗಾಳಿಯಾಡದ ಸಣ್ಣ ಬಚ್ಚಲುಮನೆಗಳಲ್ಲಿ.

ದಿನಂಪ್ರತಿ ಸ್ವಲ್ಪ ಸ್ವಲ್ಪವೇ ಸೇರುವ ಆವಿಯ ಕೆಡುಕು ನಿಧಾನವಾದದ್ದು, ಹಾಗಾಗಿ ಗುರುತಿಗೆ ಸಿಗುವುದೂ ಕಷ್ಟ. ವರ್ಷಗಟ್ಟಲೆ ಬಣ್ಣದ ಕೆಲಸ ಮಾಡಿದವರಲ್ಲಿ ಮರೆವು, ಏಕಾಗ್ರತೆಯ ಕೊರತೆ, ಸಿಡುಕು, ನಿದ್ರಾಹೀನತೆಗಳು ಒಟ್ಟಾಗಿ ಕಾಣಿಸಿಕೊಳ್ಳುವುದನ್ನು ಸ್ವೀಡನ್, ಡೆನ್ಮಾರ್ಕ್ ಮೊದಲಾದ ದೇಶಗಳ ವೈದ್ಯರು 1970ರ ದಶಕದಿಂದ ದಾಖಲಿಸುತ್ತ ಬಂದರು. ದ್ರಾವಕಗಳಿಂದ ಮಿದುಳಿಗಾಗುವ ಈ ದೀರ್ಘಕಾಲದ ಹಾನಿಗೆ ಬಣ್ಣಗಾರರ ಕಾಯಿಲೆ ಎಂಬ ಹೆಸರೇ ಬಿದ್ದಿತು. ಟಾಲ್ವೀನ್ ಹಾಗೂ ಸ್ಟೈರೀನ್‌ಗಳು ಕಿವಿಯ ಸೂಕ್ಷ್ಮ ಕೋಶಗಳಿಗೆ ಹಾನಿ ಮಾಡುತ್ತವೆಯಾದ್ದರಿಂದ, ಯಂತ್ರದ ಸದ್ದೂ ದ್ರಾವಕದ ಆವಿಯೂ ಒಟ್ಟಿಗಿರುವ ಮಳಿಗೆಯಲ್ಲಿ ಕಿವುಡು ಇನ್ನಷ್ಟು ಬೇಗ ಬರುತ್ತದೆ. ಬೆಂಜೀನ್ ಮೂಳೆಯ ಮಜ್ಜೆಯನ್ನು ಕೆಡಿಸಿ ರಕ್ತದ ಕ್ಯಾನ್ಸರ್ ತರಬಲ್ಲುದು. ಟರ್ಕಿಯ ವೈದ್ಯ ಮುಜಫ್ಫರ್ ಅಕ್ಸೊಯ್ ಇಸ್ತಾಂಬುಲಿನ ಇಕ್ಕಟ್ಟಾದ ಮಳಿಗೆಗಳಲ್ಲಿ ಬೆಂಜೀನ್‌ಯುಕ್ತ ಅಂಟು ಬಳಸುತ್ತಿದ್ದ ಪಾದರಕ್ಷೆ ಕೆಲಸಗಾರರಲ್ಲಿ ಇದನ್ನು 1970ರ ದಶಕದಲ್ಲಿ ತೋರಿಸಿಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಬಣ್ಣ ಬಳಿಯುವ ವೃತ್ತಿಯನ್ನೇ ಕ್ಯಾನ್ಸರ್‌ಕಾರಕವೆಂದು 1989ರಲ್ಲಿ ವರ್ಗೀಕರಿಸಿದೆ.

ಬೇಗ ಒಣಗಬೇಕೆಂಬ ಆತುರಕ್ಕೆ ಕೆಲಸಗಾರರು ತೆರುವ ಬೆಲೆ ಎಂಥದೆಂಬುದನ್ನು ಚೀನಾದ ಸುಜೌ ನಗರದ ಪ್ರಕರಣ ಸ್ಪಷ್ಟಪಡಿಸುತ್ತದೆ. 2009ರ ಹೊತ್ತಿಗೆ ಅಲ್ಲಿಯ ಕಾರ್ಖಾನೆಯೊಂದರಲ್ಲಿ ಮೊಬೈಲ್ ಫೋನುಗಳ ಸ್ಪರ್ಶಪರದೆ ಒರೆಸಲು ಆಲ್ಕೋಹಾಲಿನ ಬದಲಿಗೆ ಅದಕ್ಕಿಂತ ಬೇಗ ಆವಿಯಾಗುವ ಹೆಕ್ಸೇನನ್ನು ಬಳಸತೊಡಗಿದರು. ಹೆಕ್ಸೇನ್ ದೇಹದಲ್ಲಿ ಮಾರ್ಪಟ್ಟು ಕೈಕಾಲುಗಳ ಉದ್ದನೆಯ ನರತಂತುಗಳನ್ನು ತುದಿಯಿಂದ ಕೆಡಿಸುತ್ತ ಬರುವ ವಸ್ತುವಾಗುತ್ತದೆ. ಗಾಳಿಯಾಟ ಸಾಲದ ಆ ಕೋಣೆಗಳಲ್ಲಿ ದುಡಿದ 137 ಮಂದಿಗೆ ಬೆರಳು ಜೋಮು ಹಿಡಿಯುವುದು, ಮೆಟ್ಟಿಲು ಹತ್ತಲಾಗದಂತೆ ಕಾಲು ಸೋಲುವುದು ಮೊದಲಾದ ತೊಂದರೆಗಳು ಕಾಣಿಸಿಕೊಂಡು, ಅನೇಕರು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲಿರಬೇಕಾಯಿತು.

ಇಂಥ ರೋಗಗಳನ್ನು ಗುರುತಿಸುವ ಅತ್ಯಂತ ಸರಳ ಸಾಧನ ಒಂದು ಪ್ರಶ್ನೆ. ರೋಗಿಯನ್ನು ನೋಡುವ ವೈದ್ಯರು ನಿಮ್ಮ ಕೆಲಸವೇನು ಎಂದು ಕೇಳಲೇಬೇಕೆಂದು ಇಟಲಿಯ ವೈದ್ಯ ಬರ್ನಾರ್ಡಿನೊ ರಾಮಾಜಿನಿ, ಕುಶಲಕರ್ಮಿಗಳ ರೋಗಗಳ ಕುರಿತು 1700ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಒತ್ತಿ ಹೇಳಿದ್ದರು. ಕೆಲಸದ ದಿನ ಸಂಜೆ ತಲೆ ಸಿಡಿದು ರಜೆಯ ದಿನ ಹಗುರಾಗುವುದು, ಮಳಿಗೆಯಲ್ಲಿ ಇಬ್ಬರಿಗೋ ಮೂವರಿಗೋ ಒಂದೇ ಬಗೆಯ ತೊಂದರೆ ಇರುವುದು, ಅಂಗೈ ಬಿಳಿಚಿ ಒಣಗಿ ಬಿರುಕು ಬಿಡುವುದು, ಇವು ಆ ಪ್ರಶ್ನೆಗೆ ಸಿಗುವ ಉತ್ತರಗಳು. ಬಿಸಿಲಿಗೆ, ಪಿತ್ತಕ್ಕೆ, ಹೊತ್ತಿಗೆ ಸರಿಯಾಗಿ ಉಣ್ಣದ್ದಕ್ಕೆ ಈ ತಲೆನೋವನ್ನು ಹಚ್ಚಿ ಮಾತ್ರೆ ನುಂಗುತ್ತ ಹೋದರೆ ಮೂಲ ಕಾರಣ ಗಾಳಿಯಲ್ಲೇ ಉಳಿಯುತ್ತದೆ. ಬೆಲ್ಲ, ಬಾಳೆಹಣ್ಣು, ಹಾಲು ಸೇವಿಸಿದರೆ ವಿಷ ಇಳಿಯುತ್ತದೆ ಎಂಬ ನಂಬಿಕೆ ಹಲವು ಕಸುಬುಗಳಲ್ಲಿದೆ. ಅವು ಆಹಾರವಾಗಿ ಒಳ್ಳೆಯವೇ ಹೊರತು ರಕ್ತಕ್ಕೆ ಸೇರಿದ ದ್ರಾವಕವನ್ನು ಹೊರತೆಗೆಯಲಾರವು. ಸಂಜೆ ಮದ್ಯ ಸೇವಿಸುವುದರಿಂದಂತೂ ಯಕೃತ್ತಿಗೆ ಎರಡು ಹೊರೆಗಳನ್ನು ಒಟ್ಟಿಗೆ ಹೊರಿಸಿದಂತಾಗುತ್ತದೆ.

ದೋಣಿಯ ಒಡಲಿನಲ್ಲಿ

ಹೊನ್ನೆಮರಡು ನಾಡಿನ ಓದುಗರಿಗೆ ಪರಿಚಯವಾದದ್ದು ಜಲಸಾಹಸದ ತಾಣವಾಗಿ. ಸಾಗರದಿಂದ ತಾಳಗುಪ್ಪದ ದಾರಿಯಲ್ಲಿ ಸಾಗಿ ತಲುಪುವ ಈ ಊರಿನ ಹಿನ್ನೀರಿನಲ್ಲಿ ಕಲಿಯುವವರು ನಡೆಸುವ ಕಯಾಕ್‌ನಂಥ ಹಗುರ ದೋಣಿಗಳನ್ನು ದೇಶದೆಲ್ಲೆಡೆ ತಯಾರಿಸುವ ಒಂದು ಮುಖ್ಯ ವಿಧಾನ ಫೈಬರ್‌ಗ್ಲಾಸಿನದು. ಗಾಜಿನ ನಾರಿನ ಹಾಸನ್ನು ಅಚ್ಚಿನೊಳಗೆ ಹಾಸಿ, ಅದರ ಮೇಲೆ ಪಾಲಿಯೆಸ್ಟರ್ ರಾಳವನ್ನು ಬ್ರಷ್ಷಿನಿಂದಲೋ ಉರುಳೆಯಿಂದಲೋ ಒತ್ತಿ ಹಚ್ಚಿ, ಪದರದ ಮೇಲೆ ಪದರ ಕೂಡಿಸಿ ಗಟ್ಟಿಯಾಗಲು ಬಿಡುತ್ತಾರೆ. ಈ ರಾಳದಲ್ಲಿ ಮೂರನೆಯ ಒಂದು ಭಾಗದಿಂದ ಅರ್ಧದವರೆಗೂ ಇರುವ ಸ್ಟೈರೀನ್ ಎಂಬ ದ್ರವದಲ್ಲಿ ಬಹುಪಾಲು ರಾಸಾಯನಿಕ ಕ್ರಿಯೆಯಿಂದ ಗಟ್ಟಿಯಾದರೂ, ಒಂದು ಪಾಲು ಹಚ್ಚುವಾಗಲೇ ಆವಿಯಾಗಿ ಗಾಳಿಗೆ ಸೇರುತ್ತದೆ. ಸ್ಟೈರೀನ್‌ಗೆ ಕಾರ್ಖಾನೆ ಕಾಯ್ದೆ ವಿಧಿಸಿದ ಮಿತಿ ಟಾಲ್ವೀನ್‌ಗಿಂತ ಬಿಗಿಯಾದದ್ದು, 50 ಪಿಪಿಎಂ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು ಅದನ್ನು 2018ರಲ್ಲಿ ಕ್ಯಾನ್ಸರ್‌ಕಾರಕವಾಗಿರುವ ಸಂಭವ ಹೆಚ್ಚಿರುವ ವಸ್ತುಗಳ ಗುಂಪಿಗೆ ಸೇರಿಸಿತು.

ದೋಣಿಯ ಆಕಾರವೇ ಇಲ್ಲಿ ಅಪಾಯವನ್ನು ಹೆಚ್ಚಿಸುತ್ತದೆ. ಮಗುಚಿ ಇಟ್ಟ ದೋಣಿಯ ಹೊರಮೈಗೆ ಬಣ್ಣ ಬಳಿಯುವಾಗ ಆವಿ ಸುತ್ತಲೂ ಹರಿದುಹೋಗುತ್ತದೆ. ಅದೇ ದೋಣಿಯ ಒಳಮೈಗೆ ರಾಳ ಹಚ್ಚಲು ತಲೆ ತಗ್ಗಿಸಿದಾಗ, ಬೋಗುಣಿಯಂಥ ಆ ಒಡಲಿನಲ್ಲಿ ಭಾರವಾದ ಆವಿ ತುಂಬಿ ನಿಂತಿರುತ್ತದೆ. ಶೆಡ್ಡಿನ ಬಾಗಿಲು ತೆರೆದಿದ್ದರೂ ಬಗ್ಗಿದವರ ಮೂಗಿನ ಬಳಿಯ ಗಾಳಿ ಬದಲಾಗುವುದಿಲ್ಲ. ಗಾಳಿಯಾಟವನ್ನು ಕೋಣೆಗೆ ಎಷ್ಟು ಕಿಟಕಿಗಳಿವೆ ಎಂಬುದರಿಂದ ಅಳೆಯದೆ, ಕೆಲಸ ಮಾಡುವವರ ಮುಖದ ಮುಂದಿನ ಗಾಳಿ ಎತ್ತ ಚಲಿಸುತ್ತದೆ ಎಂಬುದರಿಂದ ಅಳೆಯಬೇಕೆಂಬ ಪಾಠ ಇದರಲ್ಲಿದೆ.

ಬಾವಿಗೆ ದೀಪ ಇಳಿಸುವ ತಿಳಿವಳಿಕೆ

ಹಳೆಯ ಬಾವಿಯ ಹೂಳೆತ್ತಲು ಇಳಿಯುವ ಮುನ್ನ ಹಗ್ಗಕ್ಕೆ ದೀಪ ಕಟ್ಟಿ ಇಳಿಸಿ ನೋಡುವುದು ನಾಡಿನ ಹಳ್ಳಿಗಳಲ್ಲಿ ಹಿಂದಿನಿಂದ ಬಂದ ಪದ್ಧತಿ. ದೀಪ ನಂದಿದರೆ ಕೆಳಗೆ ಉಸಿರಾಡುವ ಗಾಳಿ ಇಲ್ಲವೆಂದು ಹಿರಿಯರಿಗೆ ತಿಳಿದಿತ್ತು. ಕಣ್ಣಿಗೆ ಕಾಣದ ಗಾಳಿ ತಗ್ಗಿನಲ್ಲಿ ಕೆಡುತ್ತದೆ, ಇಳಿಯುವ ಮೊದಲು ಪರೀಕ್ಷಿಸಬೇಕು, ಮೇಲೆ ಒಬ್ಬರು ಹಗ್ಗ ಹಿಡಿದು ನಿಂತಿರಬೇಕು ಎಂಬ ಮೂರು ತತ್ತ್ವಗಳು ಇಂದಿನ ಸುರಕ್ಷತಾಶಾಸ್ತ್ರದಲ್ಲೂ ಮೂಲತತ್ತ್ವಗಳಾಗಿವೆ. ಆದರೆ ದ್ರಾವಕದ ಆವಿ ಇರುವ ಜಾಗದಲ್ಲಿ ದೀಪದ ಪರೀಕ್ಷೆ ಮಾಡಕೂಡದು, ಏಕೆಂದರೆ ಅಲ್ಲಿ ದೀಪ ನಂದುವ ಬದಲು ಆವಿಯೇ ಹೊತ್ತಿಕೊಂಡು ಸ್ಫೋಟಿಸಬಹುದು. ಅಲ್ಲಿ ಬೇಕಾದದ್ದು ಆಮ್ಲಜನಕ, ಉರಿಯುವ ಆವಿ ಹಾಗೂ ವಿಷಾನಿಲಗಳನ್ನು ಅಳೆಯುವ ಕೈಯಲ್ಲಿ ಹಿಡಿಯುವ ಮಾಪಕ.

ನೀರಿನ ತೊಟ್ಟಿ, ಎಣ್ಣೆಯ ಟ್ಯಾಂಕು, ಲಾಂಚಿನ ತಳದ ಮುಚ್ಚುಗೂಡು, ದೊಡ್ಡ ಕೊಳವೆ, ಇವೆಲ್ಲ ಮನುಷ್ಯರು ಸದಾ ಇರಲೆಂದು ಕಟ್ಟದ, ಒಳಹೋಗಲು ಹೊರಬರಲು ಕಿರಿದಾದ ದಾರಿಯಿರುವ, ಗಾಳಿ ತಾನಾಗಿ ಆಡದ ಜಾಗಗಳು. ಜಲವಿದ್ಯುತ್ತಿನ ನಾಡಾದ ಶರಾವತಿ ಕಣಿವೆಯಲ್ಲಿ ಇಂಥ ಜಾಗಗಳ ಪೈಕಿ ಎದ್ದು ಕಾಣುವುದು, ಎತ್ತರದಿಂದ ವಿದ್ಯುದಾಗಾರಕ್ಕೆ ನೀರಿಳಿಸುವ ಪೆನ್‌ಸ್ಟಾಕ್ ಕೊಳವೆ. ತುಕ್ಕು ಹಿಡಿಯದಂತೆ ಇಂಥ ಕೊಳವೆಗಳ ಒಳಮೈಗೆ ಕಾಲಕಾಲಕ್ಕೆ ರಕ್ಷಕ ಲೇಪ ಹಚ್ಚಬೇಕಾಗುತ್ತದೆ. ಅಮೆರಿಕದ ಕೊಲೊರಾಡೊ ರಾಜ್ಯದ ಕ್ಯಾಬಿನ್ ಕ್ರೀಕ್ ಜಲವಿದ್ಯುತ್ ಕೇಂದ್ರದಲ್ಲಿ 2007ರ ಅಕ್ಟೋಬರ್ 2ರಂದು ಇದೇ ಕೆಲಸ ನಡೆಯುತ್ತಿತ್ತು. ಲೇಪ ಸಿಂಪಡಿಸುವ ಯಂತ್ರವನ್ನು ಕೊಳವೆಯ ಒಳಗೇ ಮೀಥೈಲ್ ಈಥೈಲ್ ಕೀಟೋನ್ ಎಂಬ ಸುಲಭವಾಗಿ ಹೊತ್ತಿಕೊಳ್ಳುವ ದ್ರಾವಕದಿಂದ ತೊಳೆಯುತ್ತಿದ್ದಾಗ ಆವಿಗೆ ಬೆಂಕಿ ಹತ್ತಿತು. ಹೊರಬರುವ ದಾರಿ ಬೆಂಕಿಯ ಆಚೆಗಿತ್ತು. ಒಳಗೆ ಸಿಕ್ಕಿಕೊಂಡ ಐವರು ಸುಮಾರು ಮುಕ್ಕಾಲು ಗಂಟೆ ರೇಡಿಯೊದಲ್ಲಿ ಹೊರಗಿನವರೊಂದಿಗೆ ಮಾತಾಡುತ್ತಲೇ ಇದ್ದರು. ಅಂಥ ಜಾಗಕ್ಕೆ ಇಳಿದು ರಕ್ಷಿಸಬಲ್ಲ ತರಬೇತಿ ಪಡೆದ ತಂಡ ಒಂದು ಗಂಟೆಗೂ ಹೆಚ್ಚಿನ ದಾರಿಯಷ್ಟು ದೂರದಲ್ಲಿದ್ದುದರಿಂದ ಐವರೂ ಹೊಗೆಗೆ ಬಲಿಯಾದರು. ಉರಿಯುವ ದ್ರಾವಕವನ್ನು ಮುಚ್ಚಿದ ಜಾಗದೊಳಕ್ಕೆ ಒಯ್ಯದೆ ಯಂತ್ರವನ್ನು ಹೊರಗೆ ತಂದು ತೊಳೆದಿದ್ದರೆ ಆ ಬೆಂಕಿಗೆ ಆಸ್ಪದವೇ ಇರುತ್ತಿರಲಿಲ್ಲ.

ಇಂಥ ಜಾಗಗಳಲ್ಲಿ ಒಂದು ಸಾವು ಒಂದಕ್ಕೇ ನಿಲ್ಲದಿರುವುದು ಮತ್ತೆ ಮತ್ತೆ ಕಾಣುವ ಸಂಗತಿ. 2022ರ ಏಪ್ರಿಲ್‌ನಲ್ಲಿ ಮಂಗಳೂರು ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯದ ತೊಟ್ಟಿಯಲ್ಲಿ ಒಬ್ಬ ಕಾರ್ಮಿಕ ಕುಸಿದಾಗ, ಅವನನ್ನು ಎತ್ತಲು ಒಬ್ಬರ ಹಿಂದೊಬ್ಬರು ಇಳಿದು ಪಶ್ಚಿಮ ಬಂಗಾಳದಿಂದ ಬಂದಿದ್ದ ಐವರು ಪ್ರಾಣ ಕಳೆದುಕೊಂಡರು. ಅಲ್ಲಿದ್ದದ್ದು ದ್ರಾವಕದ ಆವಿಯಲ್ಲ, ಕೊಳೆತ ತ್ಯಾಜ್ಯದಿಂದ ಹುಟ್ಟಿದ ವಿಷಾನಿಲ. ಆದರೂ ಎರಡರ ನಿಯಮ ಒಂದೇ. ಜೊತೆಗಾರ ಕುಸಿದುದನ್ನು ಕಂಡಾಗ ಇಳಿಯಬೇಕೆನಿಸುವುದು ಮಾನವಸಹಜವಾದ, ಗೌರವಕ್ಕೆ ಅರ್ಹವಾದ ಭಾವನೆ. ಆ ಭಾವನೆಯೇ ಇನ್ನೊಂದು ಸಾವಿಗೆ ದಾರಿಯಾಗದಿರಲು, ಒಳಗಿರುವವರ ಸೊಂಟಕ್ಕೋ ಭುಜಕ್ಕೋ ಕಟ್ಟಿದ ಹಗ್ಗ ಮೊದಲಿನಿಂದಲೂ ಹೊರಗಿನವರ ಕೈಯಲ್ಲಿರಬೇಕು. ಹೊರಗಿರುವವರು ಎಳೆಯಬೇಕೇ ಹೊರತು, ಉಸಿರಾಟದ ಉಪಕರಣವಿಲ್ಲದೆ ಇಳಿಯಬಾರದು.

ಗಾಳಿಗೆ ದಾರಿ ಮಾಡುವ ಬಗೆ

ಪರಿಹಾರಗಳಲ್ಲಿ ಮೊದಲನೆಯದು ದ್ರಾವಕವನ್ನೇ ಕಡಿಮೆ ಮಾಡುವುದು. ಗೋಡೆಗೆ ಮಾತ್ರವಲ್ಲದೆ ಮರಕ್ಕೂ ಕಬ್ಬಿಣಕ್ಕೂ ಹಚ್ಚಬಹುದಾದ ನೀರು ಆಧಾರಿತ ಬಣ್ಣ, ಪಾಲಿಶ್, ಅಂಟುಗಳು ಈಗ ಮಾರುಕಟ್ಟೆಯಲ್ಲಿವೆ. ಒಳಕೋಣೆಯ ಕೆಲಸಕ್ಕೆ ಅವೇ ಮೊದಲ ಆಯ್ಕೆಯಾಗಬೇಕು. ಕಳಚಬಹುದಾದ ಬಾಗಿಲು, ಕಪಾಟಿನ ಹಲಗೆಗಳನ್ನು ಕಳಚಿ ತೆರೆದ ಮಾಡಿನಡಿ ಪಾಲಿಶ್ ಮಾಡುವುದು, ಡಬ್ಬಿಯ ಮುಚ್ಚಳವನ್ನು ಆಗಾಗ ಮುಚ್ಚುವುದು, ಥಿನ್ನರ್ ಹೀರಿದ ಬಟ್ಟೆಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ಹಾಕುವುದು, ಕೈ ತೊಳೆಯಲು ಥಿನ್ನರ್ ಅಥವಾ ಪೆಟ್ರೋಲ್ ಬಳಸದಿರುವುದು, ಇವು ಖರ್ಚಿಲ್ಲದ ಕ್ರಮಗಳು. ಉಳಿದ ಥಿನ್ನರನ್ನು ಹಿತ್ತಿಲಲ್ಲಿ ಚೆಲ್ಲಿದರೆ ಅದು ಬಾವಿಯ ನೀರಿಗೂ ಹಿನ್ನೀರಿಗೂ ಇಳಿಯುತ್ತದೆ ಎಂಬುದನ್ನೂ ನೆನಪಿಡಬೇಕು.

ಎರಡನೆಯದು ಗಾಳಿಯ ಹರಿವು. ಚಾವಣಿಯ ಫ್ಯಾನು ಇದ್ದ ಗಾಳಿಯನ್ನೇ ಕಲಕುತ್ತದೆ, ಹೊರಗೆ ಕಳಿಸುವುದಿಲ್ಲ. ಒಂದು ಬದಿಯಿಂದ ಹೊಸ ಗಾಳಿ ಒಳಬಂದು ಎದುರು ಬದಿಯಿಂದ ಕೆಟ್ಟ ಗಾಳಿ ಹೊರಹೋಗುವಂತಿರಬೇಕು. ಹೊರಗೆಳೆಯುವ ಫ್ಯಾನು ಕೆಲಸದ ಮಟ್ಟದಲ್ಲಿ ಅಥವಾ ಅದಕ್ಕಿಂತ ಕೆಳಗಿರಬೇಕು. ಕೆಲಸಗಾರರ ಬೆನ್ನಿಗೆ ಹೊಸ ಗಾಳಿ, ಎದುರಿಗೆ ಪಾಲಿಶ್ ಮಾಡುವ ವಸ್ತು, ಅದರಾಚೆಗೆ ಫ್ಯಾನು ಎಂಬ ಕ್ರಮದಲ್ಲಿ ಆವಿ ಮುಖವನ್ನು ದಾಟದೆ ಹೊರಹೋಗುತ್ತದೆ. ಕ್ರಮ ತಿರುಗಿದರೆ ಫ್ಯಾನೇ ಆವಿಯನ್ನು ಮೂಗಿಗೆ ತಂದು ಮುಟ್ಟಿಸುತ್ತದೆ. ಆವಿ ದಟ್ಟವಾಗಿರುವ ಕಡೆ ಕಿಡಿ ಹಾರಿಸದ ಮೋಟಾರಿನ ಫ್ಯಾನನ್ನೇ ಬಳಸಬೇಕು. ಮಳೆಗಾಲದಲ್ಲಿ ಇರಚಲು ಹೊಡೆಯುವ ದಿಕ್ಕಿನ ಬದಿಯನ್ನಷ್ಟೇ ಮುಚ್ಚಿ, ಎದುರು ಬದಿಯನ್ನೂ ತಟ್ಟಿಯ ಬುಡದ ಎರಡಡಿಯನ್ನೂ ತೆರೆದಿಡುವುದು ಮಲೆನಾಡಿನ ಮಳಿಗೆಗೆ ಹೊಂದುವ ಏರ್ಪಾಡು. ಜಡಿಮಳೆಯ ದಿನ ಪಾಲಿಶ್ ಮಬ್ಬಾಗುವ ಭಯವಿದ್ದರೆ, ಕೋಣೆಯನ್ನು ಮುಚ್ಚುವ ಬದಲು ನಿಧಾನವಾಗಿ ಒಣಗುವ ಥಿನ್ನರ್ ಬಳಸಬಹುದು, ಇಲ್ಲವೇ ಆ ದಿನ ಉಜ್ಜುವ, ಕೂಡಿಸುವ ಕೆಲಸಗಳನ್ನು ಇಟ್ಟುಕೊಂಡು ಪಾಲಿಶ್‌ಗೆ ಹೊಳವಿನ ದಿನಕ್ಕಾಗಿ ಕಾಯಬಹುದು.

ಮುಖಗವಸು ಕೊನೆಯ ಆಸರೆ ಮಾತ್ರ. ಮೂಗಿಗೆ ಕಟ್ಟಿದ ಟವೆಲ್ಲಾಗಲಿ, ಕೋವಿಡ್ ಕಾಲದಲ್ಲಿ ಮನೆಮಾತಾದ ಎನ್-95 ಆಗಲಿ ತಡೆಯುವುದು ಕಣಗಳನ್ನು. ಆವಿ ಅವುಗಳ ಮೂಲಕ ಸಲೀಸಾಗಿ ಹಾದುಬರುತ್ತದೆ. ಆವಿಯನ್ನು ಹೀರಿಕೊಳ್ಳಲು ಸಕ್ರಿಯ ಇದ್ದಿಲು ತುಂಬಿದ ಡಬ್ಬಿಗಳಿರುವ, ಮುಖಕ್ಕೆ ಬಿಗಿಯಾಗಿ ಕೂರುವ ಗವಸು ಬೇಕು. ಆ ಇದ್ದಿಲೂ ಬಳಕೆಯಿಂದ ತುಂಬಿಹೋಗುವುದರಿಂದ ಕಾಲಕಾಲಕ್ಕೆ ಬದಲಿಸಬೇಕು. ಆಮ್ಲಜನಕವೇ ಕಡಿಮೆ ಇರುವ ತೊಟ್ಟಿಯಲ್ಲಿ ಇಂಥ ಗವಸೂ ನಿರುಪಯುಕ್ತ. ಯಾರಾದರೂ ಅಮಲೇರಿದಂತೆ ಮಾತಾಡಿದರೆ, ತೂರಾಡಿದರೆ ಕೂಡಲೇ ತೆರೆದ ಗಾಳಿಗೆ ಕರೆತಂದು, ನೆನೆದ ಬಟ್ಟೆ ಕಳಚಿ, 108ಕ್ಕೆ ಕರೆ ಮಾಡಬೇಕು. ಬಳಸುತ್ತಿದ್ದ ಡಬ್ಬಿಯ ಮೇಲಿನ ಚೀಟಿಯನ್ನು ವೈದ್ಯರಿಗೆ ತೋರಿಸಿದರೆ ಚಿಕಿತ್ಸೆಗೆ ದಾರಿ ಸುಲಭವಾಗುತ್ತದೆ.

ಕಾನೂನು ತಲುಪುವ ದೂರ

ಗಾಳಿಯಾಟದ ಹೊಣೆಯನ್ನು ಮಾಲೀಕರ ಮೇಲೆ ಹೊರಿಸುವ ಕಾನೂನು ಭಾರತದಲ್ಲಿ ಹಳೆಯದು. 1948ರ ಕಾರ್ಖಾನೆ ಕಾಯ್ದೆಯ 13 ಮತ್ತು 14ನೆಯ ಕಲಮುಗಳು ಗಾಳಿಯಾಟ ಹಾಗೂ ಆವಿಯ ನಿವಾರಣೆಯನ್ನು ವಿಧಿಸಿದವು. 36ನೆಯ ಕಲಮು, ಅಪಾಯಕಾರಿ ಆವಿ ಇರಬಹುದಾದ ಕೋಣೆ, ತೊಟ್ಟಿ, ಕೊಳವೆಗಳಿಗೆ ಅರ್ಹರ ಲಿಖಿತ ಪ್ರಮಾಣಪತ್ರವಿಲ್ಲದೆ, ಅಥವಾ ಉಸಿರಾಟದ ಉಪಕರಣ ಮತ್ತು ಹೊರಗಿನವರು ಹಿಡಿದ ಹಗ್ಗಕ್ಕೆ ಬಿಗಿದ ಪಟ್ಟಿ ಇಲ್ಲದೆ ಯಾರೂ ಇಳಿಯಕೂಡದೆಂದು ವಿಧಿಸಿತು. 1984ರ ಭೋಪಾಲ್ ದುರಂತದ ತರುವಾಯ 1987ರಲ್ಲಿ ಬಂದ ತಿದ್ದುಪಡಿಯಿಂದ ರಾಸಾಯನಿಕಗಳ ಮಿತಿಗಳ ಪಟ್ಟಿ ಸೇರಿತು. ಈ ಕಾಯ್ದೆಯ ಸ್ಥಾನಕ್ಕೆ ಬಂದಿರುವ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗತಿಗಳ ಸಂಹಿತೆಯು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ. ಹಳೆಯ ಕಾಯ್ದೆಯಲ್ಲಿ ವಿದ್ಯುತ್ ಬಳಸುವ ಕಡೆ ಹತ್ತು, ಬಳಸದ ಕಡೆ ಇಪ್ಪತ್ತು ಕೆಲಸಗಾರರಿದ್ದರೆ ಅದು ಕಾರ್ಖಾನೆ ಎನಿಸಿಕೊಳ್ಳುತ್ತಿತ್ತು; ಹೊಸ ಸಂಹಿತೆಯಲ್ಲಿ ಈ ಸಂಖ್ಯೆಗಳು ಇಪ್ಪತ್ತು ಮತ್ತು ನಲವತ್ತಕ್ಕೆ ಏರಿವೆ. ಪೇಟೆಯ ಬೀದಿಯ ಮೂರು ಜನರ ಪಾಲಿಶ್ ಮಳಿಗೆಯಾಗಲಿ, ಗುತ್ತಿಗೆಯ ಮೇಲೆ ಮನೆಮನೆಗೆ ಹೋಗಿ ಬಣ್ಣ ಬಳಿಯುವ ತಂಡವಾಗಲಿ ಈ ಲೆಕ್ಕಕ್ಕೆ ಹಿಂದೆಯೂ ಸಿಕ್ಕಿರಲಿಲ್ಲ, ಈಗ ಇನ್ನಷ್ಟು ದೂರವಾಗಿವೆ. ಬಣ್ಣಗಾರರೂ ಬಡಗಿಗಳೂ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡರೆ ಚಿಕಿತ್ಸೆ ಮತ್ತು ಪರಿಹಾರದ ನೆರವಿಗೆ ಅರ್ಹರಾಗಬಹುದು. ಅದರಿಂದ ಕೋಣೆಯ ಗಾಳಿ ಮಾತ್ರ ಬದಲಾಗುವುದಿಲ್ಲ.

ಕಾನೂನಿನ ಕೈ ತಲುಪದ ಆ ಕೋಣೆಯ ಗಾಳಿಯನ್ನು ನಿರ್ಧರಿಸುವವರು ಕೆಲಸ ಮಾಡಿಸುವವರು. ಗೃಹಪ್ರವೇಶದ ಮುಹೂರ್ತ, ಮಗಳ ಮದುವೆ, ಮಾರಿಕಾಂಬಾ ಜಾತ್ರೆಗೆ ಬರುವ ನೆಂಟರು, ಹೋಂಸ್ಟೇ ತೆರೆಯುವ ದಿನ, ಹೀಗೆ ಯಾವುದೋ ಒಂದು ದಿನಾಂಕವನ್ನು ಮುಂದಿಟ್ಟು, ಮಳೆ ಬಂದರೂ ಸರಿ ಮುಗಿಸಿಕೊಡಿ ಎನ್ನುವ ಮನೆಯೊಡೆಯರ ಮಾತಿನಿಂದಲೇ ಬಾಗಿಲುಗಳು ಮುಚ್ಚುತ್ತವೆ, ಬೇಗ ಒಣಗುವ ಥಿನ್ನರ್ ಬರುತ್ತದೆ, ರಾತ್ರಿಯವರೆಗೂ ದೀಪದಡಿ ಕೆಲಸ ಸಾಗುತ್ತದೆ. ಆ ವಾಸನೆ ಪೂರ್ತಿ ಹೋಗುವವರೆಗೆ ಗರ್ಭಿಣಿಯರನ್ನೂ ಮಕ್ಕಳನ್ನೂ ಕೋಣೆಗೆ ಬಿಡದೆ ಜೋಪಾನ ಮಾಡುವ ಮನೆಯವರು, ಅದೇ ವಾಸನೆಯಲ್ಲಿ ಹದಿನೈದು ದಿನ ಉಸಿರಾಡಿದವರನ್ನು ನೆನೆಯುವುದು ಕಷ್ಟದ ಮಾತಲ್ಲ. ಕೆಲಸ ಗೊತ್ತುಮಾಡುವಾಗ ಬಣ್ಣಕ್ಕೆಷ್ಟು, ಕೂಲಿಗೆಷ್ಟು ಎಂದು ಬರೆಯುವ ಚೀಟಿಯಲ್ಲೇ ಹೊರಗೆಳೆಯುವ ಒಂದು ಫ್ಯಾನಿನ ಬಾಡಿಗೆ, ಇದ್ದಿಲಿನ ಗವಸುಗಳ ಬೆಲೆ, ಮಳೆ ಹಿಡಿದರೆ ಕೆಲಸ ನಿಲ್ಲಿಸಲು ಎರಡು ಮೂರು ದಿನಗಳ ಸಡಿಲು, ಇಷ್ಟನ್ನೂ ಬರೆದುಕೊಂಡರೆ, ಆ ಮನೆಯ ಬಾಗಿಲಿಗೆ ಹೊಳಪು ಕೊಟ್ಟವರು ತಮ್ಮ ಮನೆಗೆ ತಲೆನೋವು ಹೊತ್ತುಕೊಂಡು ಹೋಗಬೇಕಾಗುವುದಿಲ್ಲ.